ಹತ್ತು ಜಿಬಿ ತುಂಬಿತು, ಈಗ ಯಾವ ಡೇಟಾಬೇಸ್ ಕೊಳ್ಳಬೇಕು?

ಪ್ರಶ್ನೆ (ಪೀಣ್ಯ 2ನೇ ಹಂತದಿಂದ)

ಮೇಡಂ, ನಮಸ್ಕಾರ. ನಮ್ಮದು ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ, ಪ್ರೈವೇಟ್ ಲಿಮಿಟೆಡ್. ಮೂರು ಶಿಫ್ಟ್ ಸೇರಿ 60 ಜನ, 22 ಕಂಪ್ಯೂಟರ್. ಸ್ಟಾಕು, ಚಲನ್, ಬಿಲ್ಲು ಎಲ್ಲಾ ಒಂದೇ ಸಾಫ್ಟ್‌ವೇರ್‌ನಲ್ಲಿ. ಅದರ ಹಿಂದೆ ಇರುವುದು ಮೈಕ್ರೋಸಾಫ್ಟ್‌ನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ 2019 ಎಕ್ಸ್‌ಪ್ರೆಸ್, ಉಚಿತದ್ದು. ಕಳೆದ ತಿಂಗಳ ಕೊನೇ ದಿನ ಸಂಜೆ ಬಿಲ್ಲು ಸೇವ್ ಆಗಲೇ ಇಲ್ಲ. ಲಾರಿ ಲೋಡಾಗಿ ಗೇಟಿನಲ್ಲಿ ನಿಂತಿತ್ತು. 10240 ಎಂಬಿ ಮಿತಿ ದಾಟುತ್ತದೆ ಅಂತ ಪರದೆ ಮೇಲೆ ಬಂತು. ಹಳೇ ಒಂದಷ್ಟು ಡೇಟಾ ಅಳಿಸಿ ಹೇಗೋ ಆ ರಾತ್ರಿ ದಾಟಿದೆವು. ಒಬ್ಬ ಡೀಲರ್ ‘ಇದರದ್ದೇ ದೊಡ್ಡ ಆವೃತ್ತಿ ಎಂಟರ್‌ಪ್ರೈಸ್ ತಗೊಳ್ಳಿ, ಮುಂದೆ ಚಿಂತೆ ಇರಲ್ಲ’ ಅಂತಾರೆ. ಇನ್ನೊಬ್ಬರು ಒರಾಕಲ್ ಅಂತಾರೆ. ನಮ್ಮ ಹುಡುಗ ಪೋಸ್ಟ್‌ಗ್ರೆಸ್ ದುಡ್ಡಿಲ್ಲದೇ ಸಿಗುತ್ತೆ ಅಂತಾನೆ. ಬೆಲೆ, ಸೌಲಭ್ಯ ಹೋಲಿಸಿ ಹೇಳ್ತೀರಾ?

ಉತ್ತರ

ಸರ್, ಸದ್ಯಕ್ಕೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ. ಮೊದಲು ಆ 10 ಜಿಬಿಯಲ್ಲಿ ಏನಿದೆ ಅಂತ ನೋಡಿ. ಡೇಟಾಬೇಸ್ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಸ್ಟುಡಿಯೋ ಸಾಫ್ಟ್‌ವೇರ್‌ನಲ್ಲಿ ಡೇಟಾಬೇಸ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ರಿಪೋರ್ಟ್ಸ್ ಒಳಗೆ ‘ಡಿಸ್ಕ್ ಯೂಸೇಜ್ ಬೈ ಟಾಪ್ ಟೇಬಲ್ಸ್’ ತೆಗೆಯಿರಿ. ಹೆಚ್ಚು ಜಾಗ ಹಿಡಿದ ಟೇಬಲ್ (ಡೇಟಾ ಸಾಲುಗಳ ಕೋಷ್ಟಕ) ಪಟ್ಟಿಯ ಮೊದಲಲ್ಲೇ ಕಾಣುತ್ತದೆ. ನಿಮ್ಮಷ್ಟು ಗಾತ್ರದ ಕಾರ್ಖಾನೆಯಲ್ಲಿ ಬರೀ ಬಿಲ್ಲು, ಸ್ಟಾಕಿನ ಸಾಲುಗಳೇ ಇಷ್ಟು ಜಾಗ ತುಂಬುವುದನ್ನು ನಾನು ನೋಡಿದ್ದು ಕಡಿಮೆ. ಸಹಿ ಆದ ಚಲನ್‌ನ ಸ್ಕ್ಯಾನು, ಮಾಲಿನ ಫೋಟೋ, ಪಿಡಿಎಫ್ ಇವೆಲ್ಲ ಟೇಬಲ್ ಒಳಗೇ ಕೂತಿರುತ್ತವೆ. ಮಿತಿ ಲೆಕ್ಕ ಹಾಕುವುದು ಡೇಟಾ ಫೈಲಿನ ಗಾತ್ರಕ್ಕೆ, ಬದಲಾವಣೆಗಳನ್ನು ಡೇಟಾಬೇಸ್ ತಾನೇ ಬರೆದಿಡುವ ಲಾಗ್ ಫೈಲ್ ಅದರಲ್ಲಿ ಸೇರುವುದಿಲ್ಲ.

ಎರಡನೇದು, ಇದನ್ನು ಡೀಲರ್ ನಿಮಗೆ ಹೇಳಬೇಕಿತ್ತು. ಎಕ್ಸ್‌ಪ್ರೆಸ್‌ನ 2025ರ ಆವೃತ್ತಿಯಲ್ಲಿ ಒಂದು ಡೇಟಾಬೇಸ್‌ಗೆ 50 ಜಿಬಿ ತನಕ ಬಿಡುತ್ತಾರೆ. ಅದೂ ಉಚಿತವೇ. ಆದರೆ ಅದು ಬಳಸುವ ಮೆಮೊರಿ 1410 ಎಂಬಿ, ಪ್ರೊಸೆಸರ್‌ನ ಕೋರ್ (ಲೆಕ್ಕ ಮಾಡುವ ಘಟಕ) 4, ಇದು ಹಾಗೇ ಇದೆ. ಸರ್ವರ್‌ಗೆ ನೀವು ಎಷ್ಟೇ ರ‍್ಯಾಮ್ ಹಾಕಿಸಿ, ಎಕ್ಸ್‌ಪ್ರೆಸ್ ಅದನ್ನು ಮುಟ್ಟುವುದಿಲ್ಲ. ತಿಂಗಳ ಕೊನೆಯಲ್ಲಿ ರಿಪೋರ್ಟ್ ತೆಗೆಯುವಾಗ ಎಲ್ಲರ ಪರದೆಯೂ ತೆವಳುತ್ತದೆ ಅಂದ್ರೆ ಕಾರಣ ಇದೇ ಇರಬಹುದು. ಆಗ ಮಾತ್ರ ದುಡ್ಡಿನ ಮಾತಿಗೆ ಬನ್ನಿ.

ದುಡ್ಡಿನ ವಿಷಯದಲ್ಲಿ ಬೆಲೆ ಎಷ್ಟು ಅಂತ ಕೇಳುವ ಮೊದಲು ‘ಏನನ್ನು ಎಣಿಸ್ತೀರಿ?’ ಅಂತ ಕೇಳಿ. ಜನರನ್ನಾ, ಯಂತ್ರಗಳನ್ನಾ, ಪ್ರೊಸೆಸರ್‌ನ ಕೋರ್‌ಗಳನ್ನಾ? 17 ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಬೆಲೆಯಿಂದ ಕೆಟ್ಟವರಿಗಿಂತ ಎಣಿಕೆಯಿಂದ ಕೆಟ್ಟವರನ್ನೇ ಜಾಸ್ತಿ ನೋಡಿದ್ದೇನೆ.

ಎಸ್‌ಕ್ಯೂಎಲ್ ಸರ್ವರ್ 2022 ಸ್ಟ್ಯಾಂಡರ್ಡ್, ಅಂದರೆ ದುಡ್ಡು ಕೊಟ್ಟು ಕೊಳ್ಳುವ ಸಾಮಾನ್ಯ ಆವೃತ್ತಿಯ ಪಟ್ಟಿ ಬೆಲೆ ನೋಡಿ. ಕೋರ್ ಲೆಕ್ಕದಲ್ಲಿ ಎರಡು ಕೋರ್‌ಗೆ 3,945 ಡಾಲರ್. ಕನಿಷ್ಠ 4 ಕೋರ್ ಕೊಳ್ಳಲೇಬೇಕು, ಅಂದರೆ 7,890. ಸರ್ವರ್‌ನಲ್ಲಿ 8 ಕೋರ್ ಇದ್ದರೆ ಎಂಟಕ್ಕೂ ಕಟ್ಟಬೇಕು. ಇನ್ನೊಂದು ದಾರಿ ಸರ್ವರ್‌ಗೆ 989, ಜೊತೆಗೆ ಬಳಸುವ ಒಬ್ಬೊಬ್ಬರಿಗೆ ಇಲ್ಲವೇ ಒಂದೊಂದು ಯಂತ್ರಕ್ಕೆ 230ರ ಒಂದು ಕ್ಯಾಲ್, ಅಂದರೆ ಸರ್ವರ್ ಬಳಸುವ ಲೈಸೆನ್ಸ್. 30 ಕ್ಯಾಲ್ ಆದರೆ 7,889! ಕನಿಷ್ಠ ಕೋರ್ ಬೆಲೆಗೆ ಒಂದೇ ಡಾಲರ್ ಕಡಿಮೆ. ಹಾಗಾಗಿ 4 ಕೋರ್ ಸರ್ವರ್‌ಗೆ 30 ಅನ್ನುವುದು ಗಡಿ. ರೂಪಾಯಿಯಲ್ಲಿ ಕೊಟೇಶನ್ ಬರೆಸಿಕೊಳ್ಳಿ, 18% ಜಿಎಸ್‌ಟಿ ಬೇರೆ.

ಎಂಟರ್‌ಪ್ರೈಸ್ ಎರಡು ಕೋರ್‌ಗೇ 15,123 ಡಾಲರ್. ಕನಿಷ್ಠ ಅಂದ್ರೂ 30,246 ಆಯಿತು. ಜೊತೆಗೆ ಅದರಲ್ಲಿ ಕ್ಯಾಲ್ ಲೆಕ್ಕದ ದಾರಿಯೂ ಸಿಗುವುದಿಲ್ಲ. ಮೊದಲು ಪಾರ್ಟಿಷನ್ (ದೊಡ್ಡ ಟೇಬಲನ್ನು ಭಾಗ ಮಾಡುವುದು), ಕಂಪ್ರೆಶನ್ (ಡೇಟಾ ಕುಗ್ಗಿಸುವುದು) ಬೇಕು ಅಂತ ಎಂಟರ್‌ಪ್ರೈಸ್ ಕೊಳ್ಳುತ್ತಿದ್ದರು. 2016ರ ಮೊದಲ ಸರ್ವಿಸ್ ಪ್ಯಾಕ್‌ನಿಂದ ಅವು ಸ್ಟ್ಯಾಂಡರ್ಡ್‌ನಲ್ಲೇ ಇವೆ. ಡಿಸ್ಕಿನಲ್ಲಿರುವ ಡೇಟಾ ಗೂಢಲಿಪಿಯಲ್ಲಿಡುವ ಟಿಡಿಇ 2019ರಿಂದ ಬಂತು. ಎಂಟರ್‌ಪ್ರೈಸ್‌ಗೇ ಉಳಿದದ್ದು ಕೆಲಸ ನಿಲ್ಲಿಸದೆ ಇಂಡೆಕ್ಸ್ ಕಟ್ಟುವುದು, ಒಂದು ಸರ್ವರ್ ಕೆಟ್ಟರೆ ಇನ್ನೊಂದು ಕೆಲಸ ಹಿಡಿಯುವ ಪೂರ್ಣ ಆಲ್ವೇಸ್ ಆನ್ ಗ್ರೂಪ್, 2022ರಲ್ಲಾದರೆ 128 ಜಿಬಿಗಿಂತ ಜಾಸ್ತಿ ಮೆಮೊರಿ ಬಳಸುವುದು, ಇಂಥವು. ನಿಮ್ಮ ಕಾರ್ಖಾನೆಗೆ ಇವು ಬೇಡ ಸರ್.

ಪೀಣ್ಯದವರ ಮರುಪ್ರಶ್ನೆ

ನಮ್ಮಲ್ಲಿ 60 ಜನ ಇದ್ದಾರಲ್ಲ ಮೇಡಂ, ಹಾಗಾದರೆ 60 ಕ್ಯಾಲ್ ಬೇಕಾ? ಆರು ಜನ ಸೂಪರ್‌ವೈಸರ್‌ಗಳು ಮೊಬೈಲ್‌ನಲ್ಲೂ ನೋಡ್ತಾರೆ.

ಉತ್ತರ

ಬೇಡ. ಕ್ಯಾಲ್ ಎರಡು ಬಗೆ. ಯೂಸರ್ ಕ್ಯಾಲ್ ನಮ್ಮ ಬಿಎಂಟಿಸಿ ತಿಂಗಳ ಪಾಸಿನಂತೆ, ಒಬ್ಬರ ಹೆಸರಲ್ಲಿರುತ್ತದೆ. ಅವರು ಆಫೀಸಿನ ಕಂಪ್ಯೂಟರ್‌ನಿಂದ ಬಂದರೂ ಸರಿ, ಮೊಬೈಲ್‌ನಿಂದ ಬಂದರೂ ಸರಿ. ಡಿವೈಸ್ ಕ್ಯಾಲ್ ಆ ಕಂಪ್ಯೂಟರ್‌ಗೇ ಅಂಟಿಸಿದ ಚೀಟಿ. ಮೂರು ಶಿಫ್ಟ್‌ನಲ್ಲಿ ಮೂವರು ಒಂದೇ ಕಂಪ್ಯೂಟರ್ ಮುಂದೆ ಕೂತರೂ ಒಂದೇ ಕ್ಯಾಲ್. ನಿಮಗೆ 22 ಡಿವೈಸ್, 6 ಯೂಸರ್, ಒಟ್ಟು 28. ಸರ್ವರ್ ಸೇರಿ 7,429 ಡಾಲರ್.

ಆದರೆ ಒಂದು ಎಚ್ಚರಿಕೆ. ನಾಳೆ ಗಿರಾಕಿಗಳು ತಮ್ಮ ಆರ್ಡರ್ ಎಲ್ಲಿಗೆ ಬಂತು ಅಂತ ನೋಡಲಿ ಅಂತ ಒಂದು ವೆಬ್ ಪುಟ ಮಾಡಿಸುತ್ತೀರಿ ಅಂದುಕೊಳ್ಳಿ. ಡೇಟಾಬೇಸ್‌ಗೆ ಹೋಗುವುದು ಒಂದೇ ಲಾಗಿನ್ ತಾನೇ, ಒಂದೇ ಕ್ಯಾಲ್ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಪುಟದ ಹಿಂದೆ ಎಷ್ಟು ಜನ ಇದ್ದಾರೋ ಅಷ್ಟೂ ಜನರನ್ನು ಎಣಿಸಬೇಕು. ಅಂಥ ಯೋಚನೆ ಇದ್ದರೆ ಕೋರ್ ಲೆಕ್ಕವೇ ಸರಿ.

ಇನ್ನೊಬ್ಬ ಸದಸ್ಯರು (ಜಯನಗರದಿಂದ)

ಮೇಡಂ, ನಮ್ಮ ಗಿರಾಕಿಯೊಬ್ಬರು ಒರಾಕಲ್ಲೇ ಬೇಕು ಅಂತಿದ್ದಾರೆ. ಅಲ್ಲಿ ಲೆಕ್ಕ ಹೇಗೆ?

ಉತ್ತರ

ಒರಾಕಲ್ ಸ್ಟ್ಯಾಂಡರ್ಡ್ ಎಡಿಷನ್ 2ರಲ್ಲಿ ಸಾಕೆಟ್ (ಪ್ರೊಸೆಸರ್ ಚಿಪ್ ಕೂರುವ ಜಾಗ) ಎಣಿಸುತ್ತಾರೆ, ಕೋರ್ ಅಲ್ಲ. ಒಂದು ಸಾಕೆಟ್‌ಗೆ ಪಟ್ಟಿ ಬೆಲೆ 17,500 ಡಾಲರ್. ಜನರ ಲೆಕ್ಕದಲ್ಲಿ ಒಬ್ಬರಿಗೆ 350, ಒಂದು ಸರ್ವರ್‌ಗೆ ಕನಿಷ್ಠ 10 ಜನ. ಎರಡು ಸಾಕೆಟ್‌ಗಿಂತ ದೊಡ್ಡ ಯಂತ್ರದ ಮೇಲೆ ಹಾಕುವ ಹಾಗಿಲ್ಲ, ಒಂದು ಡೇಟಾಬೇಸ್ 16 ಥ್ರೆಡ್ (ಒಟ್ಟಿಗೆ ಓಡುವ ಕೆಲಸ) ದಾಟುವುದಿಲ್ಲ. ಎಂಟರ್‌ಪ್ರೈಸ್ ಎಡಿಷನ್ ಒಂದು ಪ್ರೊಸೆಸರ್ ಲೈಸೆನ್ಸ್‌ಗೆ 47,500. ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಎರಡು ಕೋರ್ ಸೇರಿ ಒಂದು ಲೈಸೆನ್ಸ್. 8 ಕೋರ್ ಅಂದರೆ 1,90,000 ಡಾಲರ್. ಪ್ರತಿ ವರ್ಷ ಸಪೋರ್ಟ್‌ಗೆ ಲೈಸೆನ್ಸ್ ಬೆಲೆಯ 22%, ಇಲ್ಲಿ 41,800. ಗಿರಾಕಿಗೆ ಕೊಡುವ ಅಂದಾಜಿನಲ್ಲಿ ಐದು ವರ್ಷದ ಸಪೋರ್ಟ್ ಸೇರಿಸಿಯೇ ತೋರಿಸಿ.

ಎಂಟರ್‌ಪ್ರೈಸ್‌ನಲ್ಲೂ ಎಲ್ಲ ಸೇರಿರುವುದಿಲ್ಲ. ಪಾರ್ಟಿಷನಿಂಗ್ 11,500, ಡಯಾಗ್ನಾಸ್ಟಿಕ್ಸ್ ಪ್ಯಾಕ್ 7,500, ಪ್ರತಿ ಪ್ರೊಸೆಸರ್‌ಗೆ ಬೇರೆ ಬೇರೆ. ನಾನು ಮುಂಚೆ ಇದ್ದ ಒಂದು ಕಂಪನಿಯಲ್ಲಿ ಹೊಸದಾಗಿ ಸೇರಿದ ಹುಡುಗಿ ಒಂದು ದಿನ ಸಿಸ್ಟಮ್ ನಿಧಾನ ಅಂತ ಡೇಟಾಬೇಸ್ ಎಲ್ಲಿ ತಡವಾಗುತ್ತದೆ ಅಂತ ತೋರಿಸುವ ಎಡಬ್ಲ್ಯೂಆರ್ ರಿಪೋರ್ಟ್ ತೆಗೆದಳು. ಒಳ್ಳೇ ಮನಸ್ಸಿನಿಂದಲೇ ಮಾಡಿದ್ದು. ಆ ರಿಪೋರ್ಟ್ ಡಯಾಗ್ನಾಸ್ಟಿಕ್ಸ್ ಪ್ಯಾಕಿಗೆ ಸೇರಿದ್ದು, ನಮ್ಮ ಹತ್ತಿರ ಆ ಲೈಸೆನ್ಸ್ ಇರಲಿಲ್ಲ. ಯಾವುದನ್ನು ಎಷ್ಟು ಸಲ ಬಳಸಿದಿರಿ ಅಂತ ಡೇಟಾಬೇಸ್ ತಾನೇ ಬರೆದಿಟ್ಟುಕೊಳ್ಳುತ್ತದೆ. ತಪಾಸಣೆ ಬಂದಾಗ ಅದು ಎದ್ದು ಕಂಡಿತು. ಆ ಹುಡುಗಿ ಅತ್ತದ್ದು ನನಗಿನ್ನೂ ನೆನಪಿದೆ. ತಪ್ಪು ಅವಳದ್ದಲ್ಲ, ಇನ್‌ಸ್ಟಾಲ್ ಮಾಡಿದ ದಿನವೇ ಆ ಪ್ಯಾಕ್‌ಗಳ ಸೆಟ್ಟಿಂಗ್ ‘NONE’ (ಯಾವುದೂ ಬೇಡ) ಅಂತ ಮಾಡದೆ ಬಿಟ್ಟ ನಮ್ಮದು. ನೀವು ದಯವಿಟ್ಟು ಮೊದಲ ದಿನವೇ ಮಾಡಿ. ಗಿರಾಕಿ ಅದನ್ನು ವಿಎಂವೇರ್ (ಒಂದೇ ಯಂತ್ರದೊಳಗೆ ಹಲವು ವಿಎಂ, ಅಂದರೆ ವರ್ಚುವಲ್ ಯಂತ್ರ ಮಾಡುವ ಸಾಫ್ಟ್‌ವೇರ್) ಮೇಲೆ ಓಡಿಸುತ್ತಾರಾ ಅಂತಲೂ ಕೇಳಿ. ಒರಾಕಲ್ ಇರುವ ವಿಎಂಗೆ ಎರಡೇ ಕೋರ್ ಕೊಟ್ಟಿದ್ದೇವೆ ಅನ್ನುವ ಮಾತನ್ನು ಒರಾಕಲ್ ಒಪ್ಪುವುದಿಲ್ಲ.

ಪೀಣ್ಯದವರು

ಪೋಸ್ಟ್‌ಗ್ರೆಸ್ ಬಗ್ಗೆ ಹೇಳಲಿಲ್ಲ ಮೇಡಂ. ಅಂದ ಹಾಗೆ ರಿಪೋರ್ಟ್ ತೆಗೆದೆವು. ನೀವು ಹೇಳಿದ ಹಾಗೇ ಚಲನ್ ಸ್ಕ್ಯಾನ್‌ಗಳ ಟೇಬಲ್ ಒಂದೇ 6.8 ಜಿಬಿ. ಅದರ ಕೆಳಗೆ ಎಡಿಟ್ ಲಾಗ್ (ಯಾರು ಏನು ತಿದ್ದಿದರು ಅನ್ನುವ ದಾಖಲೆ) ಟೇಬಲ್ 1.1 ಜಿಬಿ. ಎರಡನ್ನೂ ಅಳಿಸಬಹುದಾ?

ಉತ್ತರ

ಪೋಸ್ಟ್‌ಗ್ರೆಸ್‌ನಲ್ಲಿ ಎಣಿಸುವುದೇ ಇಲ್ಲ, ಅದೇ ಅದರ ದೊಡ್ಡ ಗುಣ. ನಮ್ಮ ಬೆಂಗಳೂರಿನ ಷೇರು ವಹಿವಾಟಿನ ಜೆರೋಧಾದಂಥ ಕಂಪನಿಯೇ ಬಳಸುತ್ತದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳುವುದೂ ಅದನ್ನೇ. ಆದರೆ ನಿಮ್ಮ ಸಾಫ್ಟ್‌ವೇರ್‌ನ ಸ್ಟೋರ್ಡ್ ಪ್ರೊಸೀಜರ್‌ಗಳೆಲ್ಲ (ಡೇಟಾಬೇಸ್ ಒಳಗೇ ಇಟ್ಟ ಪ್ರೋಗ್ರಾಂಗಳು) ಮೈಕ್ರೋಸಾಫ್ಟ್‌ನ ಟಿ-ಎಸ್‌ಕ್ಯೂಎಲ್ ಭಾಷೆಯಲ್ಲಿರುತ್ತವೆ. ಅವನ್ನೆಲ್ಲ ತಿರುಗಿ ಬರೆಯಬೇಕು. ಬರೆದುಕೊಟ್ಟವರು ಈಗಲೂ ಸಿಗುತ್ತಾರೆಯೇ, ಎಷ್ಟು ಕೇಳುತ್ತಾರೆ ಅಂತ ವಿಚಾರಿಸಿ. ಆ ಮೊತ್ತ 7,429 ಡಾಲರ್‌ಗಿಂತ ಜಾಸ್ತಿ ಬಂದರೆ ಉಚಿತ ಅನ್ನುವ ಮಾತಿಗೆ ಅರ್ಥ ಇಲ್ಲ, ಅಲ್ವಾ?

ಎಡಿಟ್ ಲಾಗ್ ಮುಟ್ಟಲೇಬೇಡಿ! 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಇರಲೇಬೇಕು. ಲೆಕ್ಕಪತ್ರ, ವೋಚರ್‌ಗಳನ್ನು ಎಂಟು ವರ್ಷ ಉಳಿಸಿಕೊಳ್ಳಬೇಕು. ಆ ರಾತ್ರಿ ಅಳಿಸಿದ್ದೇನು ಅಂತ ನೋಡಿ, ಲೆಕ್ಕದ ಸಾಲುಗಳಿದ್ದರೆ ಹಿಂದಿನ ಬ್ಯಾಕಪ್‌ನಿಂದ ವಾಪಸ್ ತನ್ನಿ, ನಿಮ್ಮ ಆಡಿಟರ್‌ಗೂ ಹೇಳಿ. ಸ್ಕ್ಯಾನ್‌ಗಳನ್ನೂ ಎಸೆಯಬೇಡಿ, ಹೊರಗೆ ತೆಗೆಯಿರಿ. ಅವನ್ನು ಸರ್ವರ್‌ನ ಒಂದು ಫೋಲ್ಡರ್‌ನಲ್ಲಿಟ್ಟು ಟೇಬಲ್‌ನಲ್ಲಿ ದಾರಿ ಮಾತ್ರ ಬರೆಸಿ. ನಿಮ್ಮ ಸಾಫ್ಟ್‌ವೇರ್‌ನವರಿಗೆ ಇದು ದೊಡ್ಡ ಕೆಲಸ ಅಲ್ಲ. ಆ ಫೋಲ್ಡರ್‌ಗೂ ದಿನದ ಬ್ಯಾಕಪ್ ಇರಲಿ.

ಎಕ್ಸ್‌ಪ್ರೆಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಏಜೆಂಟ್ ಅನ್ನುವ ಭಾಗ ಇಲ್ಲ, ಹಾಗಾಗಿ ಬ್ಯಾಕಪ್ ತಾನೇ ಓಡುವುದಿಲ್ಲ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ರಾತ್ರಿಗೆ ಹಾಕಿಸಿ. ಈ ಭಾನುವಾರ ಪೂರ್ತಿ ಬ್ಯಾಕಪ್ ತೆಗೆದು, ಅದನ್ನು ಬೇರೆ ಕಂಪ್ಯೂಟರ್‌ನಲ್ಲಿ 2025ರ ಎಕ್ಸ್‌ಪ್ರೆಸ್ ಮೇಲೆ ರಿಸ್ಟೋರ್ ಮಾಡಿ. ಅಲ್ಲೇ ಒಂದು ಚಲನ್, ಒಂದು ಬಿಲ್ಲು ತೆಗೆದು ನೋಡಿ. ತಿಂಗಳ ಕೊನೆಯ ರಿಪೋರ್ಟ್ ಒಂದನ್ನೂ ಓಡಿಸಿ ಎಷ್ಟು ನಿಮಿಷ ಹಿಡಿಯಿತು ಅಂತ ಇಲ್ಲೇ ಬರೆಯಿರಿ. ಸ್ಟ್ಯಾಂಡರ್ಡ್ ಬೇಕೋ ಬೇಡವೋ ಅನ್ನುವುದನ್ನು ಆ ನಿಮಿಷಗಳನ್ನು ನೋಡಿ ಹೇಳುತ್ತೇನೆ.