ಬೋಲ್ಡ್ ಕಂಡೆನ್ಸ್ಡ್ ಇಟಾಲಿಕ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ತಲೆಬರಹಕ್ಕೆ, ಪೋಸ್ಟರಿಗೆ ಬಳಸುವ ಒಂದು ಬಗೆಯ ಫಾಂಟ್ ಇದೆಯಲ್ಲ, ಗೆರೆ ದಪ್ಪ, ಅಕ್ಷರದ ಅಗಲ ಕಡಿಮೆ, ನಿಲುವು ಬಲಕ್ಕೆ ವಾಲಿದ್ದು, ಗೆರೆಯ ತುದಿಗಳಲ್ಲಿ ಸೆರಿಫ್ (ಪುಟ್ಟ ಅಡ್ಡಗೆರೆ) ಇಲ್ಲದ್ದು. ಅದನ್ನು ಕನ್ನಡದಲ್ಲಿ ಹೇಗೆ ಹೇಳುವುದು ಅನ್ನೋದೇ ನನ್ನ ಪ್ರಶ್ನೆ.

ಬೋಲ್ಡ್‌ಗೆ 'ದಪ್ಪ' ರೂಢಿಯಲ್ಲಿದೆ. ತೊಡಕು ಇರೋದು ಕಂಡೆನ್ಸ್ಡ್‌ನಲ್ಲಿ, ಅಂದರೆ ಅಕ್ಷರದ ಅಗಲ ಕಡಿಮೆ ಅನ್ನೋದಕ್ಕೆ. ಬರೀ 'ಕಿರಿದು' ಅಂದರೆ ಅಳತೆಯೇ ಚಿಕ್ಕದು ಅನಿಸುತ್ತದೆ, ಆದರೆ 72 ಪಾಯಿಂಟಿನಷ್ಟು ದೊಡ್ಡದಾಗಿ ಹಾಕಿದರೂ ಅದು ಕಂಡೆನ್ಸ್ಡೇ ಅಲ್ವಾ? 'ಇಕ್ಕಟ್ಟು' ಅಂದರೆ ಅಕ್ಷರಗಳ ನಡುವಿನ ಜಾಗ ಕಡಿಮೆ ಅಂತ ಕೇಳಿಸುತ್ತದೆ, ಅದು ಬೇರೆಯೇ ವಿಷಯ. 'ಸಪೂರ' ಚೆಂದದ ಮಾತು, ಆದರೆ ತೆಳುಗೆರೆಯ ಫಾಂಟಿಗೆ ಜಾಸ್ತಿ ಒಪ್ಪುತ್ತದೆ. 'ಒತ್ತು' ಬೇಡವೇ ಬೇಡ, ಒತ್ತಕ್ಷರದ ಜೊತೆ ಗೊಂದಲವಾಗುತ್ತದೆ.

'ಹಿಂಡಿದ' ಅನ್ನೋದೂ ನನಗೆ ಒಪ್ಪಿಗೆಯಿಲ್ಲ. ಮಾಮೂಲಿ ಫಾಂಟನ್ನು ಕಂಪ್ಯೂಟರಿನಲ್ಲಿ ಅಡ್ಡಕ್ಕೆ ಹಿಂಡಿದರೆ ನಿಂತ ಗೆರೆಗಳು ತೆಳುವಾಗುತ್ತವೆ, ಮಲಗಿದ ಗೆರೆಗಳು ಹಾಗೇ ಉಳಿಯುತ್ತವೆ, ಅಕ್ಷರ ವಿಕಾರವಾಗುತ್ತದೆ. ನಿಜವಾದ ಕಂಡೆನ್ಸ್ಡ್ ಅಂದರೆ ಆ ಅಗಲಕ್ಕೆಂದೇ ಬರೆದದ್ದು. ನಮ್ಮ ಲಿಪಿಯಲ್ಲಂತೂ ಇದು ಇನ್ನೂ ನಾಜೂಕು. ಗೆರೆ ದಪ್ಪವಾಗಿ ಅಗಲ ಕಡಿಮೆಯಾದರೆ 'ಥ'ದ ಒಳಗಿನ ಚುಕ್ಕೆ ಸುತ್ತಲಿನ ಗೆರೆಗೆ ಅಂಟಿಕೊಳ್ಳುತ್ತದೆ, 'ಧ'ದ ಸೀಳು ಮುಚ್ಚಿಹೋಗಿ 'ದ' ಅಂತಲೇ ಓದಿಸಿಕೊಳ್ಳುತ್ತದೆ. ಫಾಂಟ್ ಬರೆಯುವವರು ಅಕ್ಷರದ ಒಳಗಿನ ಖಾಲಿ ಜಾಗವನ್ನು ಹೊಸದಾಗಿ ಲೆಕ್ಕ ಹಾಕಲೇಬೇಕು.

ಹಾಗಾಗಿ ಯಾವ ಗುಣ ಯಾವುದಕ್ಕೆ ಸೇರಿದ್ದು ಅನ್ನೋದನ್ನು ಪದದಲ್ಲೇ ಹೇಳಿಬಿಡೋಣ ಅಂತ ನನ್ನ ಸಲಹೆ: ದಪ್ಪಗೆರೆ, ಕಿರಿಯಗಲ, ಓರೆನಿಲುವು. ಫಾಂಟ್ ವಿನ್ಯಾಸಕಾರ ಏಡ್ರಿಯನ್ ಫ್ರೂಟಿಗರ್ 1957ರಲ್ಲಿ ಹೊರಬಂದ ತಮ್ಮ ಯೂನಿವರ್ಸ್ ಫಾಂಟಿನ ಬೇರೆ ಬೇರೆ ಬಗೆಗಳಿಗೆ ಹೆಸರಿನ ಬದಲು ಅಂಕಿಗಳನ್ನೇ ಇಟ್ಟರು, ಮೊದಲ ಅಂಕಿ ಗೆರೆಯ ದಪ್ಪಕ್ಕೆ, ಎರಡನೆಯದು ಅಗಲಕ್ಕೂ ಓರೆಗೂ. 55 ಮಾಮೂಲಿ, 65 ದಪ್ಪ, 67 ದಪ್ಪ ಮತ್ತು ಕಿರಿಯಗಲ, 68 ಅಂದರೆ ಅದೇ ಓರೆಯಾಗಿ. ನಾವು ಹುಡುಕುತ್ತಿರೋದು ಈ 68ಕ್ಕೆ ಒಂದು ಹೆಸರು.

'ಓರೆ' ಬಗ್ಗೆ ಒಂದು ಮಾತು. ಸುಮ್ನೆ ವಾಲಿಸಿದ್ದು ಆಬ್ಲೀಕ್. ಇಟಾಲಿಕ್‌ನಲ್ಲಿ ಅಕ್ಷರದ ರೂಪವೇ ಬದಲಾಗಬಹುದು. ರೋಮನ್ ಲಿಪಿಯ ಚಿಕ್ಕ 'a' ಅಲ್ಲಿ ಮೇಲಿನ ಕೊಕ್ಕೆ ಬಿಟ್ಟು ಕೈಬರಹದ ಹಾಗೆ ಒಂದೇ ಹೊಟ್ಟೆಯದಾಗುತ್ತದೆ. ಸೆರಿಫ್ ಇಲ್ಲದ ಎಷ್ಟೋ ಫಾಂಟುಗಳಲ್ಲಿ ಇಟಾಲಿಕ್ ಅಂತ ಹೆಸರಿದ್ದರೂ ಒಳಗಿರೋದು ಆಬ್ಲೀಕೇ. ಆದ್ದರಿಂದ 'ಓರೆ'ಯನ್ನು ಆಬ್ಲೀಕ್‌ಗೆ ಮೀಸಲಿಟ್ಟು ಇಟಾಲಿಕನ್ನು ಇಟಾಲಿಕ್ ಅಂತಲೇ ಉಳಿಸಿಕೊಂಡರೆ ವಾಸಿ.

'ಕಿರಿಯಗಲ' ನಿಮ್ಮ ಕಿವಿಗೆ ಹೇಗಿದೆ? ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಅಚ್ಚುಕೂಟದವರು ಇದಕ್ಕೆ ಬೇರೆ ಮಾತು ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ, ಅದನ್ನೇ ಇಟ್ಟುಕೊಳ್ಳೋಣ.