ಅಂಗಡಿಯಿಂದ ತಂದ ಬೇಸಿಲ್, ರೋಸ್‌ಮೇರಿ, ಪುದೀನ ಕುಂಡಗಳು ಮನೆಯಲ್ಲಿ ಯಾಕೆ ನಿಲ್ಲುವುದಿಲ್ಲ?

ಬಾಲ್ಕನಿ ಹಿತ್ತಲು (ಜೆ.ಪಿ. ನಗರ, ಬೆಂಗಳೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಅಪಾರ್ಟ್‌ಮೆಂಟು, ನಾಲ್ಕನೇ ಮಹಡಿ, ದಕ್ಷಿಣದ ಬಾಲ್ಕನಿ. ಗಿಡ ಸಾಕುವುದು ನನಗೆ ಹೊಸದಲ್ಲ. ಚನ್ನರಾಯಪಟ್ಟಣದಲ್ಲಿ ಅಮ್ಮನ ಹಿತ್ತಲಿನಲ್ಲಿ ಕರಿಬೇವು, ದೊಡ್ಡಪತ್ರೆ, ಪುದೀನ ಎಲ್ಲ ಯಾರೂ ಕೇಳದಿದ್ದರೂ ತಮ್ಮ ಪಾಡಿಗೆ ಬೆಳೆದುಕೊಂಡಿರುತ್ತವೆ. ಇಲ್ಲಿ ದುಡ್ಡು ಕೊಟ್ಟು ತಂದ ಕುಂಡಗಳು ಮಾತ್ರ ಒಂದೊಂದಾಗಿ ಕೈಕೊಡುತ್ತಿವೆ.

ಮಗಳಿಗೆ ಪಾಸ್ತಾ ಹುಚ್ಚು, ಅದಕ್ಕೆ ಬೇಸಿಲ್ ಬೇಕಂತೆ. ಸೂಪರ್‌ಮಾರ್ಕೆಟ್‌ನಲ್ಲಿ ಸೊಪ್ಪಿನ ಪಕ್ಕದಲ್ಲೇ ಸಣ್ಣ ಕುಂಡಗಳನ್ನು ಇಟ್ಟಿರುತ್ತಾರಲ್ಲ, ಅದರಲ್ಲಿ ಒಂದು ತಂದೆ. ತಂದಾಗ ದಟ್ಟವಾಗಿತ್ತು, ಒಳಗೆ ಬೆರಳು ಹಾಕಲೂ ಜಾಗ ಇರಲಿಲ್ಲ. ಆಮೇಲೆ ಕೆಳಗಿನ ಎಲೆ ಹಳದಿಯಾಯಿತು. ಒಂದು ಕಾಂಡ ಮಣ್ಣಿನ ಮಟ್ಟದಲ್ಲಿ ಕಪ್ಪಾಗಿ ಮಲಗಿತು, ಅದರ ಹಿಂದೆಯೇ ಅಕ್ಕಪಕ್ಕದವೂ ಮಲಗಿದವು.

ರೋಸ್‌ಮೇರಿ ನರ್ಸರಿಯಿಂದ ತಂದದ್ದು. ಅದು ಕೊನೆಯವರೆಗೂ ಹಸಿರಾಗೇ ಇತ್ತು. ಒಂದು ದಿನ ಮುಟ್ಟಿದರೆ ಎಲೆಗಳೆಲ್ಲ ಉದುರಿ ಕೈಗೆ ಬಂದವು.

ಪುದೀನದ್ದು ಬೇರೆಯೇ ಕಥೆ. ಡಿಸೆಂಬರ್‌ನಲ್ಲಿ ತಂದಿದ್ದೆ, ಮಾರ್ಚ್‌ವರೆಗೂ ಚಟ್ನಿಗೆ ಸಾಕಾಗುವಷ್ಟು ಕೊಟ್ಟಿತು. ಈಗ ಜೂನ್. ಅದೇ ಜಾಗ, ಅದೇ ನೀರು. ಆದರೂ ಕಾಂಡ ಉದ್ದುದ್ದ, ಎಲೆ ಉಗುರಿನಷ್ಟು. ನೀರು ಅಂದೆನಲ್ಲ, ಅಡುಗೆಮನೆಯ ಆರ್‌ಓ ಯಂತ್ರದಿಂದ ಹೊರಬರುವ ವೇಸ್ಟ್ ನೀರನ್ನೇ ಹಾಕುತ್ತೇನೆ, ಸುಮ್ನೆ ಚೆಲ್ಲುವುದು ಯಾಕೆ ಅಂತ.

ಗೊಬ್ಬರ ಹಾಕಿ, ಪ್ರೀತಿಯಿಂದ ಮಾತಾಡಿಸಿ ಅಂತ ಹೇಳುವವರು ದಯವಿಟ್ಟು ಬೇಡ. ಕಾರಣ ಗೊತ್ತಿದ್ದವರು ಹೇಳಿ.

ಹಳೇ ನರ್ಸರಿಯವನು ಬರೆದದ್ದು:

ಮೇಡಂ, ನಾನು ಹೊಸೂರು ರಸ್ತೆಯ ಕಡೆ ನರ್ಸರಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಇಂಥ ಕುಂಡಗಳನ್ನು ತುಂಬಿಸಿ ಗಾಡಿಗೆ ಹತ್ತಿಸಿದ್ದೇನೆ. ನಿಮ್ಮ ಮೂರು ಗಿಡಕ್ಕೂ ಕಾರಣ ಬೇರೆ ಬೇರೆ.

ಮೊದಲು ಬೇಸಿಲ್. ನೀವು ತಂದದ್ದು ಒಂದು ಗಿಡ ಅಂದುಕೊಂಡಿದ್ದೀರಿ. ಮುಂದಿನ ಸಲ ತಂದಾಗ ಎಲೆ ಸರಿಸಿ ಬುಡ ನೋಡಿ. ಇಪ್ಪತ್ತಕ್ಕೂ ಜಾಸ್ತಿ ಸಸಿ ಇರಬಹುದು. ಒಂದು ಚಿಟಿಕೆ ಬೀಜ ಉದುರಿಸಿ, ಎಲ್ಲವೂ ಒಟ್ಟಿಗೆ ಮೇಲೆ ಬಂದರೆ ಕುಂಡ ಬೇಗ ತುಂಬಿಕೊಂಡು ಚೆಂದ ಕಾಣುತ್ತದೆ. ಅಂಗಡಿಯಲ್ಲಿ ಕೆಲವು ದಿನ ನಿಂತು, ನಿಮ್ಮ ಮನೆಯಲ್ಲಿ ಒಂದೆರಡು ಅಡುಗೆಗೆ ಆದರೆ ಅದರ ಕೆಲಸ ಮುಗಿಯಿತು. ಇದರಲ್ಲಿ ಮೋಸ ಏನಿಲ್ಲ, ಅವರು ಮಾರುವುದು ಸೊಪ್ಪು. ನಾವು ಅದನ್ನು ಗಿಡ ಅಂತ ಸಾಕಲು ಹೋಗುತ್ತೇವೆ. ಒಳಗೆ ಗಾಳಿ ಆಡುವುದಿಲ್ಲ, ಬೇರುಗಳು ಬೆಳಗಿನ ಮೆಜೆಸ್ಟಿಕ್ ಬಸ್ಸಿನಲ್ಲಿ ನಿಂತವರ ಹಾಗೆ ಒತ್ತಿಕೊಂಡಿರುತ್ತವೆ. ಮೇಲಿಂದ ನೀರು ಬಿದ್ದರೆ ಬುಡ ಒಣಗುವುದೇ ಇಲ್ಲ. ಕಾಂಡ ಕಪ್ಪಾಗಿ ಮಲಗಿದ್ದು ಬುಡ ಕೊಳೆಯುವ ರೋಗ. ಪಕ್ಕದ್ದಕ್ಕೆ ಬೇಗ ದಾಟುತ್ತದೆ.

ತಂದ ದಿನವೇ ಬಿಡಿಸಿ. ಕುಂಡವನ್ನು ಒಂದರ್ಧ ಗಂಟೆ ನೀರಿನ ಬೋಗುಣಿಯಲ್ಲಿ ಕೂರಿಸಿ. ಆಮೇಲೆ ತಲೆಕೆಳಗು ಮಾಡಿ ಹೊರತೆಗೆದು, ಬೇರಿನ ಗಡ್ಡೆಯನ್ನು ಎರಡು ಹೆಬ್ಬೆರಳಿಂದ ನಾಲ್ಕು ಭಾಗ ಮಾಡಿ. ಒಂದೊಂದೇ ಸಸಿ ಬೇರ್ಪಡಿಸಲು ಹೋಗಬೇಡಿ, ಬೇರು ಹರಿಯುತ್ತದೆ. ಭಾಗದಲ್ಲಿ ಐದಾರು ಸಸಿ ಇದ್ದರೆ ಬಲವಾದ ಮೂರನ್ನು ಬಿಟ್ಟು ಉಳಿದದ್ದನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಕಿತ್ತರೆ ಉಳಿದವುಗಳ ಬೇರು ಅಲ್ಲಾಡುತ್ತದೆ. ಒಂದು ಭಾಗಕ್ಕೆ ಆರಿಂಚಿನ ಒಂದು ಕುಂಡ ಸಾಕು. ಮೂರು ನಾಲ್ಕು ದಿನ ನೆರಳಲ್ಲಿಟ್ಟು ಆಮೇಲೆ ಬೆಳಗಿನ ಬಿಸಿಲಿಗೆ. ಹಸಿರು ಬಲೆಯ ಕೆಳಗೆ ಬೆಳೆದ ಗಿಡ ಅದು, ನೇರ ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ಎಲೆ ಸುಟ್ಟ ಹಾಗೆ ಬೆಳ್ಳಗಾಗುತ್ತದೆ.

ಇನ್ನು ಸೊಪ್ಪು ಕೀಳುವುದು. ಎಲ್ಲರೂ ಕೆಳಗಿನ ದೊಡ್ಡ ಎಲೆ ಕೀಳುತ್ತಾರೆ, ತುದಿ ಎಳೆಯದು ಪಾಪ ಅಂತ ಬಿಡುತ್ತಾರೆ. ಸರಿಯಾಗಿ ಉಲ್ಟಾ. ಬೇಸಿಲ್ ಕಾಂಡವನ್ನು ಹತ್ತಿರದಿಂದ ನೋಡಿ. ಎಲೆಗಳು ಎದುರು ಬದುರಾಗಿ ಜೋಡಿ ಜೋಡಿ ಇರುತ್ತವೆ. ಪ್ರತಿ ಎಲೆ ಕಾಂಡಕ್ಕೆ ಸೇರುವ ಮೂಲೆಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಮೊಗ್ಗು ಕುಳಿತಿರುತ್ತದೆ. ತುದಿ ಇರುವವರೆಗೂ ಅದು ಏಳುವುದಿಲ್ಲ. ಆ ಗೆಣ್ಣಿನ ಸ್ವಲ್ಪ ಮೇಲೆ ತುದಿ ಚಿವುಟಿದರೆ ಎರಡೂ ಮೊಗ್ಗು ಏಳುತ್ತವೆ, ಒಂದು ಕಾಂಡ ಎರಡಾಗುತ್ತದೆ. ಕೆಳಗಿನ ಎಲೆ ಗಿಡಕ್ಕೆ ಊಟ ಮಾಡಿಕೊಡುವುದು, ಅದನ್ನು ಬಿಡಿ. ಹೂವಿನ ತೆನೆ ಕಂಡ ಕೂಡಲೇ ಚಿವುಟಿ. ಹೂ ಬಿಟ್ಟು ಬೀಜ ಕಟ್ಟಿದರೆ ಅದರ ಆಯುಸ್ಸು ಮುಗಿದ ಹಾಗೆಯೇ. ಚಿವುಟಿದ ತುದಿ ನಾಲ್ಕಿಂಚು ಇದ್ದರೆ ಕೆಳಗಿನ ಎಲೆ ತೆಗೆದು ಲೋಟದ ನೀರಲ್ಲಿ ನಿಲ್ಲಿಸಿ, ಬೇರು ಬರುತ್ತದೆ. ಮತ್ತೆ ಅಂಗಡಿಗೆ ಹೋಗುವ ಕೆಲಸ ಇಲ್ಲ.

ರೋಸ್‌ಮೇರಿ. ಇದು ಸತ್ತ ಮೇಲೂ ಹಸಿರಾಗಿ ಕಾಣುವ ಗಿಡ. ನಿಮಗೆ ಗೊತ್ತಾಗುವ ಹೊತ್ತಿಗೆ ಬೇರು ಎಂದೋ ಹೋಗಿರುತ್ತದೆ. ಮೆಡಿಟರೇನಿಯನ್ ಸಮುದ್ರದ ಸುತ್ತಿನ ಕಲ್ಲುಗುಡ್ಡಗಳಲ್ಲಿ ಬೆಳೆಯುವ ಗಿಡ ಇದು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ನಮ್ಮಲ್ಲಿ ಸೆಕೆಯ ಹಿಂದೆಯೇ ಮಳೆ. ಬೆಚ್ಚಗೂ ಇದ್ದು ಒದ್ದೆಯೂ ಆದರೆ ಇದರ ಬೇರು ಕೊಳೆಯುತ್ತದೆ. ಅದರ ಮೇಲೆ ನರ್ಸರಿಯ ಕಪ್ಪು ಕವರಿನಲ್ಲಿ ತುಂಬುವುದು ಅಂಟು ಕೆಂಪು ಮಣ್ಣು, ಸಾಗಿಸುವಾಗ ಗಡ್ಡೆ ಒಡೆಯಬಾರದಲ್ಲ. ನಡುವೆ ಪ್ರೋಟ್ರೇಯಿಂದ (ಸಸಿ ಎಬ್ಬಿಸುವ ಗುಳಿಗಳ ತಟ್ಟೆ) ಬಂದ ಸಣ್ಣ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಗಡ್ಡೆ. ಹೊರಗಿನ ಮಣ್ಣು ಒಣಗಿ ಬಿರಿದಿರುತ್ತದೆ, ಒಳಗೆ ಕೊಕೊಪೀಟ್ ಜಿನುಗುತ್ತಿರುತ್ತದೆ. ಮೇಲೆ ನೋಡಿ ನೀರು ಹಾಕಿದರೆ ಕಥೆ ಮುಗಿಯಿತು. ಹೊರಗಿನ ಮಣ್ಣನ್ನು ಮೆಲ್ಲಗೆ ಉದುರಿಸಿ, ಅರ್ಧ ಮಣ್ಣು, ಅರ್ಧ ದಪ್ಪ ಮರಳು ಇಲ್ಲವೇ ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಹಗುರ ಬಿಳಿ ಹರಳು) ಬೆರೆಸಿ ಮಣ್ಣಿನ ಕುಂಡಕ್ಕೆ ಹಾಕಿ. ಕೆಳಗೆ ತಟ್ಟೆ ಬೇಡ. ಕುಂಡ ಎತ್ತಿ ನೋಡಿ, ಹಗುರ ಅನ್ನಿಸಿದರೆ ಮಾತ್ರ ನೀರು.

ಪುದೀನದ ವಿಷಯದಲ್ಲಿ ನಿಮ್ಮ ಕೈಯದ್ದೇನೂ ಇಲ್ಲ. ಜಾಗ ಅದೇ, ಬಿಸಿಲು ಹೋಯಿತು. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಮಕ್ಕಳಿಗೆ ಕೋಲು ನಿಲ್ಲಿಸಿ ತೋರಿಸುತ್ತಾರಲ್ಲ, ಅದೇ. ಅಲ್ಲಿಂದ ಮುಂದೆ ಸೂರ್ಯ ನಮಗೆ ಉತ್ತರದಲ್ಲಿ. ಮತ್ತೆ ನೆತ್ತಿಗೆ ಬರುವುದು ಆಗಸ್ಟ್ 18ರ ಹೊತ್ತಿಗೆ. ಡಿಸೆಂಬರ್‌ನಲ್ಲಿ ದಕ್ಷಿಣದ ಬಾಲ್ಕನಿಗೆ ಬಿಸಿಲು ಓರೆಯಾಗಿ ಒಳಗೆ ಬಾಗಿಲವರೆಗೂ ಬರುತ್ತದೆ. ಜೂನ್‌ನಲ್ಲಿ ಒಂದು ಹನಿ ನೇರ ಬಿಸಿಲೂ ಇಲ್ಲ. ಮೇಲಿನ ಮನೆಯವರ ಬಾಲ್ಕನಿ ಅಡ್ಡ ಇರುವುದರಿಂದ ನಿಮಗೆ ಏಪ್ರಿಲ್‌ಗೆ ಮೊದಲೇ ಕಡಿಮೆಯಾಗಿರುತ್ತದೆ. ಕಾಂಡ ಉದ್ದ, ಎಲೆ ಸಣ್ಣ ಅಂದರೆ ಗಿಡ ಬೆಳಕು ಹುಡುಕುತ್ತಿದೆ ಅಂತ ಅರ್ಥ. ವಾಸ್ತು ನೋಡಿ ಮನೆ ಕೊಳ್ಳುವವರು ಗಿಡದ ದಿಕ್ಕನ್ನೂ ಕೇಳಬೇಕು ನೋಡಿ!

ಕೊನೆಗೆ ಆ ಆರ್‌ಓ ನೀರು ಗಿಡಕ್ಕೆ ಬೇಡ. ಕುಡಿಯುವ ನೀರಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಕುಂಡದ ಅಂಚಲ್ಲಿ ಬಿಳಿ ಪೊರೆ ಕಟ್ಟಿದ್ದರೆ, ಎಲೆಯ ಅಂಚು ಕಂದಾಗಿದ್ದರೆ ಅದೇ ಕಾರಣ. ನೆಲ ಒರೆಸಲು ಇಟ್ಟುಕೊಳ್ಳಿ.

ಕಡಲ ಬದಿಯವಳು (ಉಡುಪಿ) ಬರೆದದ್ದು:

ನರ್ಸರಿಯವರು ಹೇಳಿದ್ದೆಲ್ಲ ಸರಿ, ಆದರೆ ಮರಳು ಬೆರೆಸಿದ್ರೆ ರೋಸ್‌ಮೇರಿ ಉಳಿಯುತ್ತದೆ ಅನ್ನುವುದು ಬೆಂಗಳೂರಿನ ಮಾತು. ನಮ್ಮಲ್ಲಿ ಮಾಡಿನ ಕೆಳಗಿಟ್ಟು, ಒಂದು ಹನಿ ಮಳೆ ತಾಗದ ಹಾಗೆ ನೋಡಿಕೊಂಡರೂ ಜುಲೈ ದಾಟಿಸುವುದು ಕಷ್ಟ. ಗಾಳಿಯಲ್ಲೇ ನೀರು ಉಂಟಲ್ಲ! ಕರಾವಳಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅದಕ್ಕೆ ದುಡ್ಡು ಹಾಕಬೇಡಿ.

ಮಳೆಗಾಲಕ್ಕೆ ಒಂದೆಲಗ ಇಡಿ. ಅದಕ್ಕೆ ನೀರು ಎಷ್ಟಿದ್ದರೂ ಸಾಲದು, ತಂಬುಳಿಗೆ ಬೇಕಾದಾಗ ಬೇಕಾದಷ್ಟು. ದೊಡ್ಡಪತ್ರೆ ಆದರೆ ಒಂದು ಗೆಲ್ಲು ಮುರಿದು ಊರಿದರೆ ಸಾಕು. ಅದರ ಎಲೆಯಲ್ಲೇ ನೀರು ಇರುವುದರಿಂದ ನೀವು ಊರಿಗೆ ಹೋಗಿ ಬಂದರೂ ಇರುತ್ತದೆ. ಮಳೆಗೆ ಮಾತ್ರ ಒಡ್ಡಬೇಡಿ, ಕಾಂಡ ಕೊಳೆಯುತ್ತದೆ.

ಬೇಸಿಲ್‌ಗೆ ಇನ್ನೊಂದು ದಾರಿ. ಫಾಲೂದಾಕ್ಕೆ ಹಾಕುವ ಕಾಮಕಸ್ತೂರಿ ಬೀಜವೂ ಅದೇ ಜಾತಿ. ದಿನಸಿ ಅಂಗಡಿಯ ಬೀಜ ಹಳೆಯದಲ್ಲದಿದ್ದರೆ ಮೊಳೆಯುತ್ತದೆ. ಪರಿಮಳ ಸ್ವಲ್ಪ ಬೇರೆ, ಪೆಸ್ಟೋಗೆ (ಪಾಸ್ತಾಕ್ಕೆ ಹಾಕುವ ಬೇಸಿಲ್ ಚಟ್ನಿ) ನನಗೆ ಹಿಡಿಸಲಿಲ್ಲ. ಸಾಕುವ ಅಭ್ಯಾಸಕ್ಕೆ ಮಾತ್ರ ಇದಕ್ಕಿಂತ ಅಗ್ಗದ್ದು ಇಲ್ಲ.

ಲೀಡ್ಸ್ ಕನ್ನಡತಿ ಬರೆದದ್ದು:

ಇಂಗ್ಲೆಂಡಿನಲ್ಲಿ ಎಲ್ಲರ ಅಡುಗೆಮನೆ ಕಿಟಕಿಯಲ್ಲೂ ಈ ಸೂಪರ್‌ಮಾರ್ಕೆಟ್ ಬೇಸಿಲ್ ಒಂದು ಇದ್ದೇ ಇರುತ್ತದೆ, ಅರ್ಧ ಸತ್ತ ಸ್ಥಿತಿಯಲ್ಲಿ. ಭಾಗ ಮಾಡಿ ನೆಡುವುದು ಇಲ್ಲೂ ಕೆಲಸ ಮಾಡುತ್ತದೆ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಡಿಸೆಂಬರ್‌ನಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ, ಆಗ ಏನು ಮಾಡಿದರೂ ಬೇಸಿಲ್ ಬೆಳೆಯುವುದಿಲ್ಲ. ಸುಮ್ನೆ ಸೊಪ್ಪು ಅಂತ ತಂದು ತಿಂದು ಮುಗಿಸುತ್ತೇನೆ.

ಇಲ್ಲಿರುವವರಿಗೆ ಒಂದು ಮಾತು. ರಾತ್ರಿ ಕರ್ಟನ್ ಎಳೆದರೆ ಕಿಟಕಿಯ ಗಾಜಿಗೂ ಕರ್ಟನ್‌ಗೂ ನಡುವೆ ಗಿಡ ಚಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹತ್ತು ಡಿಗ್ರಿಗಿಂತ ಕೆಳಗೆ ಹೋದರೆ ಬೇಸಿಲ್ ಎಲೆ ಕಪ್ಪಾಗುತ್ತದೆ. ಸಂಜೆ ಊಟದ ಮೇಜಿಗೆ ಎತ್ತಿಟ್ಟುಬಿಡಿ. ರೋಸ್‌ಮೇರಿಯ ಚಿಂತೆ ಮಾತ್ರ ನಮಗಿಲ್ಲ. ನಮ್ಮ ಬೀದಿಯಲ್ಲಿ ಬೇಲಿಗೇ ಬೆಳೆಸಿದ್ದಾರೆ, ಹಿಮ ಬಿದ್ದರೂ ಜಗ್ಗುವುದಿಲ್ಲ. ಉಡುಪಿ ಅಕ್ಕ ಹೊಟ್ಟೆ ಉರಿದುಕೊಳ್ಳಬಾರದು!

ಬಾಲ್ಕನಿ ಹಿತ್ತಲು:

ಆ ಸೂರ್ಯನ ವಿಷಯ ಓದಿ ಬಾಲ್ಕನಿಗೆ ಹೋಗಿ ನೋಡಿದೆ. ನಿಜ, ಎಲ್ಲೂ ನೇರ ಬಿಸಿಲಿಲ್ಲ. ಕುಂಡದ ಅಂಚಿನ ಬಿಳಿ ಪೊರೆಯೂ ಇದೆ. ಅದು ಸುಣ್ಣದ ಕಲೆ ಇರಬೇಕು ಅಂದುಕೊಂಡಿದ್ದೆ.

ಎರಡು ಪ್ರಶ್ನೆ. ನಮ್ಮ ಯುಟಿಲಿಟಿ ಉತ್ತರಕ್ಕಿದೆ, ವಾಷಿಂಗ್ ಮೆಷಿನ್ ಮೇಲೆ ಗ್ರಿಲ್‌ಗೆ ಕುಂಡ ನೇತುಹಾಕಬಹುದು. ಅಲ್ಲಿಟ್ಟರೆ ಆಗುತ್ತಾ? ಇನ್ನೊಂದು, ಈಗಿರುವ ಪುದೀನವನ್ನು ಉಳಿಸಿಕೊಳ್ಳುವುದೋ, ಹೊಸದು ತರುವುದೋ?

ಹಳೇ ನರ್ಸರಿಯವನು:

ಯುಟಿಲಿಟಿಯೇ ಸರಿ. ಈ ತಿಂಗಳುಗಳಲ್ಲಿ ಅಲ್ಲಿ ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಓರೆ ಬಿಸಿಲು ಬರುತ್ತದೆ, ಮೋಡ ಬಿಟ್ಟರೆ. ಪುದೀನಕ್ಕೆ ಅಷ್ಟು ಸಾಕು. ಬೇಸಿಲ್ ಇಟ್ಟರೆ ಬದುಕುತ್ತದೆ, ಜಾಸ್ತಿ ಸೊಪ್ಪು ನಿರೀಕ್ಷೆ ಮಾಡಬೇಡಿ. ಸೆಪ್ಟೆಂಬರ್ ಕಳೆದ ಮೇಲೆ ಎಲ್ಲವನ್ನೂ ದಕ್ಷಿಣಕ್ಕೆ ವಾಪಸ್ ತನ್ನಿ. ಸೋಪಿನ ನೀರು ಸಿಡಿಯದ ಎತ್ತರದಲ್ಲಿ ಕಟ್ಟಿ.

ಹೊಸ ಪುದೀನ ಬೇಡ. ಇರುವುದನ್ನು ಮಣ್ಣಿಂದ ಎರಡು ಬೆರಳು ಬಿಟ್ಟು ಪೂರ್ತಿ ಕತ್ತರಿಸಿ. ಕುಂಡದಿಂದ ಎತ್ತಿ ನೋಡಿ, ಬಿಳಿ ಬೇರುಗಳು ಒಳಗೋಡೆಗೆ ಸುತ್ತು ಹಾಕಿಕೊಂಡಿರುತ್ತವೆ. ಅರ್ಧ ಎಸೆದು, ಉಳಿದರ್ಧವನ್ನು ಅಗಲವಾದ ತೊಟ್ಟಿಗೆ ಹೊಸ ಮಣ್ಣು, ಎರೆಗೊಬ್ಬರದ ಜೊತೆ ಹಾಕಿ. ಆಳ ಒಂದು ಗೇಣು ಇದ್ದರೆ ಸಾಕು, ಅದು ಅಡ್ಡಡ್ಡ ಹಬ್ಬುವ ಗಿಡ. ಬೇರೆ ಯಾವುದನ್ನೂ ಅದರ ಜೊತೆ ನೆಡಬೇಡಿ, ನುಂಗಿಹಾಕುತ್ತದೆ. ಮೊದಲ ಒಂದೆರಡು ಸಲ ಕಾವೇರಿ ನೀರನ್ನು ಕೆಳಗಿನ ತೂತಿಂದ ಹರಿದು ಹೋಗುವಷ್ಟು ಧಾರಾಳವಾಗಿ ಹಾಕಿ. ಹಳೇ ಉಪ್ಪು ತೊಳೆದುಹೋಗಲಿ.

ಕೊತ್ತಂಬರಿ ಕುಂಡವನ್ನೂ ಮಾರುತ್ತಾರೆ, ಆಸೆಪಟ್ಟು ತರಬೇಡಿ. ಅದಕ್ಕೆ ತಾಯಿಬೇರು, ಭಾಗ ಮಾಡಿದರೆ ಮುನಿಸಿಕೊಂಡು ಸೀದಾ ಹೂ ಬಿಡುತ್ತದೆ. ಡಬ್ಬದಲ್ಲಿರುವ ಧನಿಯಾವನ್ನು ಲಟ್ಟಣಿಗೆಯಿಂದ ಮೆಲ್ಲಗೆ ಉರುಳಿಸಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಬಿತ್ತಿ.