ದುಬಾರಿ ಆಟಗಾರನ ಮೇಲೆಯೇ ನಮಗೇಕೆ ಇಷ್ಟು ಸಿಟ್ಟು?

ರಬಕವಿ ಮಗ್ಗದವನು:
ಆರ್‌ಸಿಬಿ ಪಂದ್ಯವಿದ್ದ ಸಂಜೆ ನಮ್ಮ ಓಣಿಯ ಚಹಾ ಅಂಗಡಿಯಲ್ಲಿ ಮಗ್ಗ ನಿಲ್ಲಿಸಿ ಬಂದವರೆಲ್ಲ ಸೇರುತ್ತೇವೆ. 2024ರಲ್ಲಿ ಮ್ಯಾಕ್ಸ್‌ವೆಲ್ ಮೊದಲ ಆರು ಪಂದ್ಯಗಳಲ್ಲಿ ಒಟ್ಟು 32 ರನ್ ಮಾಡಿದಾಗ ಅಲ್ಲಿ ಕೇಳಿದ್ದನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ. ಪ್ರತಿ ಬೈಗುಳಕ್ಕೂ ಅವನ ಬೆಲೆ ‘11 ಕೋಟಿ’ ಎಂಬ ಬಾಲ. ಕೊನೆಗೆ ಆ ಮನುಷ್ಯ ತಾನಾಗಿಯೇ ನಾಯಕನ ಬಳಿ ಹೋಗಿ, ತನ್ನ ಬದಲು ಬೇರೆಯವರನ್ನು ಆಡಿಸಿ ಎಂದ. ಅದಕ್ಕೂ ಬೈದರು. ಅದೇ ತಂಡದ ರಜತ್ ಪಾಟೀದಾರ್ ಕೂಡ ಆರಂಭದಲ್ಲಿ ಹೇಳಿಕೊಳ್ಳುವಂಥದ್ದೇನೂ ಮಾಡಿರಲಿಲ್ಲ. ಆಗ ಅವನ ಬೆಲೆ 20 ಲಕ್ಷ. ‘ಪಾಪ, ಹುಡುಗ’ ಎಂದು ಬಿಟ್ಟರು. ಹುಡುಗನಿಗೆ ಆಗ 30 ವರ್ಷ!

ಮರುವರ್ಷ ರಿಷಭ್ ಪಂತ್. ಲಖನೌ ತಂಡಕ್ಕೂ ನಮಗೂ ಏನು ಸಂಬಂಧ? ಆದರೂ ನನ್ನ ಗೆಳೆಯ ಮೊಬೈಲ್ ತೆಗೆದು 27 ಕೋಟಿಯನ್ನು 269 ರನ್ನಿನಿಂದ ಭಾಗಿಸಿ, ಒಂದು ರನ್ನಿಗೆ ಹತ್ತು ಲಕ್ಷ ಬಿತ್ತು ಎಂದು ಎಲ್ಲರಿಗೂ ತೋರಿಸಿದ. ಕೊನೆಯ ಪಂದ್ಯದಲ್ಲಿ ನಮ್ಮವರ ವಿರುದ್ಧವೇ ಹೊಡೆದ 118 ಸೇರಿಸಿಯೂ ಇಷ್ಟು. ಸೀರೆಯೊಂದಕ್ಕೆ ಸಿಗುವ ಮಜೂರಿ ನೆನೆದು ನನಗೂ ಮೈ ಉರಿಯಿತು. ಆದರೆ ನನ್ನ ಜೇಬಿನಿಂದ ಒಂದು ಪೈಸೆಯೂ ಹೋಗಿಲ್ಲವಲ್ಲ. ಮತ್ತೆ ಈ ಉರಿ ಯಾಕೆ?

ವಿಜಯಪುರದ ಮಾಸ್ತರ:
ಉರಿಯಲ್ಲಿ ಸ್ವಲ್ಪ ನ್ಯಾಯವೂ ಇದೆ. ಐಪಿಎಲ್‌ನಲ್ಲಿ ಮಾಲೀಕ ಎಷ್ಟೇ ಶ್ರೀಮಂತನಾದರೂ ಆಟಗಾರರ ಮೇಲೆ ಮಿತಿ ಮೀರಿ ಖರ್ಚು ಮಾಡುವಂತಿಲ್ಲ. 2025ಕ್ಕೆ ಆ ಮಿತಿ 120 ಕೋಟಿ ಇತ್ತು. ಅದರಲ್ಲಿ ಒಬ್ಬನಿಗೇ 27 ಕೊಟ್ಟರೆ ಉಳಿದವರಿಗೆಲ್ಲ 93. ಕೊನೆಯ ಓವರುಗಳಿಗೆ ಒಳ್ಳೆಯ ಬೌಲರ್ ಇಲ್ಲವೆಂದು ಬಡಿದುಕೊಳ್ಳುವ ಅಭಿಮಾನಿ, ಆ ಬೌಲರನ ದುಡ್ಡು ಎಲ್ಲಿ ಹೋಯಿತು ಎಂದು ಕೇಳುವುದು ತಪ್ಪಲ್ಲ.

ತಪ್ಪುವುದು ವಿಳಾಸ. ಹರಾಜಿನಲ್ಲಿ ಬೆಲೆ ಏರಿಸುವವರು ಜಿದ್ದಿಗೆ ಬಿದ್ದ ಎರಡು ತಂಡಗಳು; ಆಟಗಾರ ಎಲ್ಲೋ ಟಿವಿ ಮುಂದೆ ಕುಳಿತಿರುತ್ತಾನೆ. 2014ರಲ್ಲಿ ಯುವರಾಜ್ ಸಿಂಗ್ 14 ಕೋಟಿಗೆ ಬೆಂಗಳೂರಿಗೆ ಬಂದದ್ದು ಹಾಗೆಯೇ. ಆ ವರ್ಷ ರಾಜಸ್ಥಾನದ ವಿರುದ್ಧ 83 ಹೊಡೆದು, ನಾಲ್ಕು ವಿಕೆಟ್ ಕೂಡ ತೆಗೆದ. ತಂಡ ಸೋತಿತು. ನಮ್ಮ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಮರುದಿನ ಚರ್ಚೆಯಾದದ್ದು 14 ಕೋಟಿಯ ಬಗ್ಗೆ ಮಾತ್ರ. ಮ್ಯಾಕ್ಸ್‌ವೆಲ್‌ನದೇ ಹಳೆಯ ಲೆಕ್ಕ ನೋಡಿ: 2020ರಲ್ಲಿ ಪಂಜಾಬ್ 10.75 ಕೋಟಿ ಕೊಟ್ಟಿತು, 108 ರನ್, ಒಂದೂ ಸಿಕ್ಸರ್ ಇಲ್ಲ. ಮರುವರ್ಷ ಬೆಲೆ ಇಳಿಯಬೇಕಿತ್ತಲ್ಲವೇ? ನಾವು 14.25 ಕೊಟ್ಟೆವು. 513 ರನ್ ಮಾಡಿದ.

ತಿಲಕವಾಡಿ, ಬೆಳಗಾವಿ:
ಇದನ್ನು ಸಿಟ್ಟು ಎನ್ನಬೇಡಿ, ಬಾಯಿಚಪಲ. 2024ರಲ್ಲಿ ಬೌಲರ್ ಸ್ಟಾರ್ಕ್‌ಗೆ ಕೋಲ್ಕತ್ತ 24.75 ಕೋಟಿ ಕೊಟ್ಟಿತು. ಮೊದಲೆರಡು ಪಂದ್ಯ, ಎಂಟು ಓವರ್, ನೂರು ರನ್, ವಿಕೆಟ್ ಸೊನ್ನೆ. ಆಡಿಕೊಂಡವರೇ ಫೈನಲ್‌ನ ಮೊದಲ ಓವರಿನಲ್ಲಿ ಅವನು ಅಭಿಷೇಕ್ ಶರ್ಮಾನ ಸ್ಟಂಪ್ ಹಾರಿಸಿದಾಗ ಕೊಟ್ಟದ್ದು ಕಡಿಮೆಯಾಯಿತು ಎಂದರು. ಇನ್ನು ಕೊಹ್ಲಿಗೆ 21 ಕೋಟಿ ಎಂದು ಯಾರು ಬೈಯುತ್ತಾರೆ? 2008ರಲ್ಲಿ 12 ಲಕ್ಷಕ್ಕೆ ಬಂದವನು, ನಮ್ಮ ಕಣ್ಣೆದುರೇ ಬೆಳೆದವನು. ಬೈಗುಳವೆಲ್ಲ ಹರಾಜಿನಲ್ಲಿ ಬಂದ ಹೊರಗಿನವನಿಗೆ.

ಮುಧೋಳ ಕಡೆಯವನು:
ಮಗ್ಗದಣ್ಣ, ಜೇಬಿನಿಂದ ಹೋದರೂ ಅಷ್ಟೇ, ಹೋಗದಿದ್ದರೂ ಅಷ್ಟೇ. ನಮ್ಮೂರ ಜಾತ್ರೆಯ ಕಬಡ್ಡಿಗೆ ಪಟ್ಟಿ ಎತ್ತಿ, ಹೊರಗಿನಿಂದ ಒಬ್ಬ ರೈಡರ್‌ನನ್ನು ಕರೆಸಿದ್ದೆವು. ಪಟ್ಟಿ ಬರೆದವನು ನಾನೇ, ಹಾಗಾಗಿ ಯಾರು ಎಷ್ಟು ಕೊಟ್ಟರು ಎಂಬುದು ನನಗೆ ಗೊತ್ತು. ಆ ರಾತ್ರಿ ಎಲ್ಲರಿಗಿಂತ ಜೋರಾಗಿ ಕೂಗಿದವರು ಬಿಡಿಗಾಸೂ ಕೊಡದವರು.

ಹುಡುಗನ ಎಡಗಾಲಿನ ಕೀಲು ಬಂದಾಗಲೇ ಬಾತಿತ್ತು. ಬಸ್ಸಿನಿಂದ ಇಳಿದವನೇ ಅರಿಶಿನ ಬಿಸಿ ಮಾಡಿಸಿ ಹಚ್ಚಿ, ಬಟ್ಟೆ ಬಿಗಿದು ಕಣಕ್ಕೆ ಇಳಿದ. ಎದುರಿನ ತಂಡಕ್ಕೂ ಇವನೇ ದುಡ್ಡಿನ ಮನುಷ್ಯ ಎಂದು ಗೊತ್ತು. ಉಳಿದವರನ್ನು ಬಿಟ್ಟು ಇವನಿಗೇ ಕಾದು ನಿಂತರು. ಎರಡನೆಯ ರೈಡಿನಲ್ಲೇ ಮೂವರು ಸೇರಿ ಹಿಡಿದು ಕೆಡವಿದರು. ಅವನ ಹೆಸರು ನಮ್ಮೂರಲ್ಲಿ ನಾಲ್ಕು ಜನಕ್ಕೂ ಗೊತ್ತಿರಲಿಲ್ಲ, ಮೊತ್ತ ಎಲ್ಲರಿಗೂ ಗೊತ್ತಿತ್ತು. ಕಟ್ಟೆಯ ಮೇಲಿನಿಂದ ‘ಏ ಹದಿನೈದು ಸಾವಿರ, ಏಳೋ’ ಎಂದು ಕೂಗಿದರು. ಅವನು ಮಣ್ಣು ಕೊಡವಿಕೊಂಡು ಆ ಕಡೆ ಒಮ್ಮೆ ನೋಡಿ ಹೊರಗೆ ಕುಳಿತ. ಸಂತೆಯಲ್ಲಿ ಹೆಚ್ಚು ಕೊಟ್ಟು ತಂದ ಎತ್ತು ನೇಗಿಲಿಗೆ ಕಟ್ಟಿದಾಗ ಮಲಗಿದರೆ ಊರವರೆಲ್ಲ ಅದರ ಬೆಲೆ ಕೇಳುತ್ತಾರಲ್ಲ, ಹಾಗೆ.

ಇನ್ನೊಂದು ಮಾತು. ಹೆಚ್ಚು ಕೊಟ್ಟು ಒಬ್ಬನನ್ನು ತರುವುದು ಸಾಮಾನ್ಯವಾಗಿ ಬೇರೆ ಯಾರೂ ಇಲ್ಲದ ತಂಡ. ನಾವು ತಂದದ್ದೂ ಅದಕ್ಕೇ. ಪ್ರೊ ಕಬಡ್ಡಿಯಲ್ಲಿ ಪವನ್ ಸೆಹ್ರಾವತ್‌ನನ್ನು ತೆಲುಗು ಟೈಟಾನ್ಸ್ 2.6 ಕೋಟಿ ಕೊಟ್ಟು ತೆಗೆದುಕೊಂಡ ವರ್ಷ ತಂಡ ಕೊನೆಯ ಸ್ಥಾನಕ್ಕೆ ಬಿತ್ತು. ಒಬ್ಬ ರೈಡರ್ ಇನ್ನೂ ಆರು ಜನರ ಕೆಲಸ ಮಾಡಬೇಕೆಂದರೆ ಹೇಗೆ? ಅದಕ್ಕೂ ಹಿಂದಿನ ವರ್ಷ ತಮಿಳ್ ತಲೈವಾಸ್ 2.26 ಕೋಟಿ ಕೊಟ್ಟಿದ್ದಾಗ ಮೊದಲ ಪಂದ್ಯದಲ್ಲೇ ಮೊಣಕಾಲು ಪೆಟ್ಟಾಗಿ ಇಡೀ ಋತು ಹೊರಗುಳಿದ. ಮೊಣಕಾಲಿಗೆ ಬೆಲೆ ಗೊತ್ತಾಗುವುದಿಲ್ಲ.

ರಬಕವಿ ಮಗ್ಗದವನು:
ಮಾಸ್ತರರೇ, ನೀವು ಹೇಳಿದ ಮಿತಿಯ ಲೆಕ್ಕ ನಮ್ಮ ಚಹಾ ಅಂಗಡಿಯಲ್ಲಿ ಒಬ್ಬನಿಗೂ ಗೊತ್ತಿಲ್ಲ. ಗೊತ್ತಿದ್ದು ಬೈಯುತ್ತಾರೆಂದು ನಂಬುವುದು ಕಷ್ಟ. ಟಿವಿಯವರು ಔಟಾದ ತಕ್ಷಣ ಹೆಸರಿನ ಪಕ್ಕ ಬೆಲೆ ಹೇಳುವುದು ನಿಲ್ಲಿಸಿದರೆ ಅರ್ಧ ಬೈಗುಳ ಕಡಿಮೆಯಾದೀತು. ಮುಧೋಳದಣ್ಣ, ಆ ಹುಡುಗನಿಗೆ ಪೂರ್ತಿ ದುಡ್ಡು ಕೊಟ್ಟಿರಾ?

ಮುಧೋಳ ಕಡೆಯವನು:
ಮಾತಾಡಿದ್ದರಲ್ಲಿ ಅರ್ಧ. ಉಳಿದದ್ದನ್ನು ಕಮಿಟಿಯವರು ಆಮೇಲೆ ನೋಡೋಣ ಎಂದರು, ನೋಡಲಿಲ್ಲ. ಅವನು ಫೋನ್ ಮಾಡಿದಾಗಲೆಲ್ಲ ಎತ್ತಬೇಕಾದವನು ನಾನು. ಹೆಸ್ಕಾಂ ಕರೆಂಟ್ ಬಿಲ್ಲಿಗೆ ಇಟ್ಟಿದ್ದರಲ್ಲಿ ಸ್ವಲ್ಪ ಕಳಿಸಿದೆ. ಈ ಸಲದ ಜಾತ್ರೆಗೆ ಊರ ಹುಡುಗರನ್ನೇ ಆಡಿಸುತ್ತಿದ್ದೇವೆ. ಬೈಯಲು ಹೊರಗಿನವರು ಸಿಗುವುದಿಲ್ಲ, ರೆಫರಿ ಒಬ್ಬರನ್ನು ಬಿಟ್ಟರೆ.